ಆಫ್ರಿಕಾದ ಸಂಗೀತ, ಕುಣಿತದ ಉತ್ಸವಕ್ಕೆ ಯಾವ ಊರು, ಯಾವ ತಿಂಗಳು?

ಕಲ್ಪತರು_572, ತುಮಕೂರು

ನಾಲ್ಕು ಜನ ಹೊರಡುವ ಲೆಕ್ಕ. ಇಬ್ಬರು ಸೋಮನ ಕುಣಿತ, ವೀರಗಾಸೆ ಬಲ್ಲವರು. ಒಬ್ಬರು ತಮಟೆ. ಇನ್ನೊಬ್ಬರು ಬರೀ ಕೇಳುಗರು, ವಯಸ್ಸು 63. ರಜೆ 12 ದಿನಕ್ಕಿಂತ ಹೆಚ್ಚು ಸಿಗಲ್ಲ. ನಾಲ್ಕೂ ಪಾಸ್‌ಪೋರ್ಟ್ ಹೊಸವು, ಒಂದು ಸೀಲೂ ಬಿದ್ದಿಲ್ಲ. ಇಬ್ಬರು ಮೊಟ್ಟೆಯನ್ನೂ ಮುಟ್ಟಲ್ಲ.

ನೆಟ್‌ನಲ್ಲಿ ಸಿಗುವ 'ನೋಡಲೇಬೇಕಾದ ಇಪ್ಪತ್ತು ಉತ್ಸವ' ಪಟ್ಟಿಗಳನ್ನು ನಂಬುವ ಹಾಗಿಲ್ಲ. ಟಿಂಬಕ್ಟು ಕಡೆಯ ಮರುಭೂಮಿ ಉತ್ಸವ 2012ರ ಜನವರಿಗೇ ನಿಂತಿತು, ಪಟ್ಟಿಯಲ್ಲಿ ಮಾತ್ರ ಇನ್ನೂ ಕೂತಿದೆ. ಅದಕ್ಕೇ ಇಲ್ಲಿ ಕೇಳ್ತಿರೋದು: ಮೊದಲ ಸಲಕ್ಕೆ ಒಂದೇ ಊರು ಅಂದರೆ ಯಾವುದು, ಯಾವ ತಿಂಗಳು? ಹಳದಿ ಜ್ವರದ ಲಸಿಕೆ ಎಲ್ಲರಿಗೂ ಬೇಕಾ? ತಮಟೆ ಒಯ್ಯಬಹುದಾ, ಬರುವಾಗ ಒಂದು ಜೆಂಬೆ (ಕೈಯಲ್ಲಿ ಬಡಿಯುವ ಆಫ್ರಿಕಾದ ಚರ್ಮವಾದ್ಯ) ತರಬಹುದಾ? ಊಟ ಹೇಗೆ?

ನಂದಿತಪ್ಪಲು, ಚಿಕ್ಕಬಳ್ಳಾಪುರ

ಮೊದಲ ಸಲಕ್ಕೆ ಟಾಂಜಾನಿಯಾದ ದ್ವೀಪ ಜಂಜಿಬಾರ್. ಅಲ್ಲಿ ಫೆಬ್ರವರಿಯಲ್ಲಿ 'ಸೌಟಿ ಜಾ ಬುಸಾರಾ' ಸಂಗೀತೋತ್ಸವ ನಡೆಯುತ್ತೆ, 2004ರಿಂದ. ಅಲ್ಲಿನ ಹಳೇ ಪೇಟೆ ಸ್ಟೋನ್ ಟೌನ್‌ನ ಹಳೇ ಕೋಟೆಯ ಒಳಗೆ ಮೂರು ನಾಲ್ಕು ದಿನ, ಸಂಜೆಯಿಂದ ಮಧ್ಯರಾತ್ರಿ ದಾಟುವವರೆಗೆ. ಅವರದು ಒಂದೇ ಹಠ: ವೇದಿಕೆ ಮೇಲೆ ಎಲ್ಲವೂ ನೇರವಾಗಿ ನುಡಿಸಬೇಕು, ರೆಕಾರ್ಡ್ ಹಾಕಿ ಬಾಯಾಡಿಸುವ ಹಾಗಿಲ್ಲ. ವಾದ್ಯದ ಕಿವಿ ಇರುವವರಿಗೆ ಇದೊಂದೇ ಕಾರಣ ಸಾಕು. ಕೋಟೆ ಚಿಕ್ಕದು, ವೇದಿಕೆಯಿಂದ ವೇದಿಕೆಗೆ ಎರಡು ನಿಮಿಷದ ನಡಿಗೆ. ಉಳಿದುಕೊಳ್ಳುವ ಜಾಗ, ಊಟ, ಸಮುದ್ರ ಎಲ್ಲವೂ ಕಾಲ್ನಡಿಗೆ ದೂರದಲ್ಲೇ ಇರೋದರಿಂದ ರಾತ್ರಿ ಒಂದು ಗಂಟೆಗೆ ಟ್ಯಾಕ್ಸಿ ಹುಡುಕುವ ಪಾಡು ಇಲ್ಲ. ದೊಡ್ಡ ನಗರಗಳ ಉತ್ಸವದಲ್ಲಿ ಹೊಸಬರು ಒದ್ದಾಡೋದು ಅಲ್ಲೇ.

ದಿನಾಂಕ ಪ್ರತಿ ವರ್ಷ ಸರಿಯುತ್ತೆ. ರಂಜಾನ್ ತಿಂಗಳಲ್ಲಿ ಅಲ್ಲಿ ಹಗಲು ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆ, ಬೀದಿಯಲ್ಲಿ ತಿನ್ನೋದೂ ತಪ್ಪು. 2027ರಲ್ಲಿ ರಂಜಾನ್ ಫೆಬ್ರವರಿ ಎರಡನೇ ವಾರದ ಹೊತ್ತಿಗೇ ಶುರು. ಹಾಗಾಗಿ 'ಫೆಬ್ರವರಿ ಮಧ್ಯ' ಅಂತ ಅಂದಾಜಿನ ಮೇಲೆ ಟಿಕೆಟ್ ತೆಗೆಯಬೇಡಿ. ಸಂಘಟಕರ ಪುಟದಲ್ಲಿ ದಿನಾಂಕ ಬಂದು, ಪಾಸ್ ಮಾರಾಟ ಶುರುವಾದ ಮೇಲೆ ವಿಮಾನದ ಟಿಕೆಟ್. ಹಣ ಸಾಲದೆ 2016ರ ಉತ್ಸವವನ್ನೇ ರದ್ದು ಮಾಡಿದ್ದರು ಅನ್ನೋದು ನೆನಪಿರಲಿ.

ಕಾಗದಪತ್ರ: ಟಾಂಜಾನಿಯಾದ ಇ-ವೀಸಾ 50 ಡಾಲರ್, ಜಂಜಿಬಾರಿಗೂ ಅದೇ ನಡೆಯುತ್ತೆ. ಸರ್ಕಾರಿ ಸೈಟಿನ ವಿಳಾಸ 'ಗೋ ಡಾಟ್ ಟಿಜೆಡ್' ಅಂತ ಮುಗಿಯಬೇಕು. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡ ನಕಲಿ ಸೈಟುಗಳು ದುಪ್ಪಟ್ಟು ಕೀಳುತ್ತವೆ. ಹೊರಡುವ ನಾಲ್ಕು ವಾರ ಮುಂಚೆ ಅರ್ಜಿ ಹಾಕಿ, ಪಾಸ್‌ಪೋರ್ಟಿಗೆ ಆರು ತಿಂಗಳ ಆಯಸ್ಸು ಇರಲಿ. ಇದರ ಜೊತೆಗೆ 2024ರ ಅಕ್ಟೋಬರ್ 1ರಿಂದ ಜಂಜಿಬಾರ್ ತನ್ನದೇ ವಿಮೆ ಕಡ್ಡಾಯ ಮಾಡಿದೆ, ದೊಡ್ಡವರಿಗೆ 44 ಡಾಲರ್. ಬೆಂಗಳೂರಿನಲ್ಲಿ ಕೊಂಡ ಟ್ರಾವೆಲ್ ಇನ್ಶೂರೆನ್ಸ್ ಎಷ್ಟೇ ದೊಡ್ಡದಿದ್ದರೂ ಅದರ ಬದಲಿಗೆ ನಡೆಯಲ್ಲ. ದಾರ್ ಎಸ್ ಸಲಾಮಿನಿಂದ ದೋಣಿಯಲ್ಲಿ ಹೋದರೂ ಜಂಜಿಬಾರ್ ಬಂದರಿನಲ್ಲಿ ಮತ್ತೆ ಪಾಸ್‌ಪೋರ್ಟ್ ತೋರಿಸಬೇಕು. ಸಾಮಾನಿನ ತಳಕ್ಕೆ ತುರುಕಬೇಡಿ.

ನೋಡಲೇಬೇಕಾದ್ದು ತಾರಬ್. ಊದ್, ಕಾನೂನ್ ಎಂಬ ಅರಬ್ ತಂತಿವಾದ್ಯಗಳು, ಪಿಟೀಲು, ಅಕಾರ್ಡಿಯನ್ ಇಟ್ಟುಕೊಂಡು ಸ್ವಾಹಿಲಿಯಲ್ಲಿ ಹಾಡುವ ಪದ್ಧತಿ. ಇಖ್ವಾನ್ ಸಫಾ ಮೇಳ 1905ರಿಂದ ನಡೆದುಬಂದಿದೆ. ನಮಗೂ ಒಂದು ನಂಟಿದೆ: ತಾರಬ್ ಹಾಡುಗಾರ್ತಿ ಸಿತಿ ಬಿಂತಿ ಸಾದ್ 1928ರಲ್ಲಿ ಹಡಗು ಹತ್ತಿ ಬಂದು ತನ್ನ ಮೊದಲ ಗ್ರಾಮಫೋನ್ ತಟ್ಟೆಗಳನ್ನು ಮುದ್ರಿಸಿದ್ದು ಬೊಂಬಾಯಿಯಲ್ಲಿ. ತಾರಬ್ ನಡೆಯುವಾಗ ಕೇಳುವವರು ಎದ್ದು ಕುಣಿಯುತ್ತಾ ಹೋಗಿ ಹಾಡುವವರ ಕೈಗೆ ನೋಟು ಕೊಡೋದು ವಾಡಿಕೆ. ನಮ್ಮ ಜಾತ್ರೆಯ ನಾಟಕದಲ್ಲಿ ಮೆಚ್ಚುಗೆ ಕೊಟ್ಟ ಹಾಗೇ. ಚಿಲ್ಲರೆ ಶಿಲ್ಲಿಂಗ್ ಜೇಬಿನಲ್ಲಿರಲಿ.

ಇನ್ನು ಕುಣಿತವೇ ಮುಖ್ಯ ಅಂದರೆ ಅದೇ ದೇಶದ ಬಗಮೋಯೋ. ದಾರ್‌ನಿಂದ ಉತ್ತರಕ್ಕೆ ಸುಮಾರು 75 ಕಿ.ಮೀ. ಅಲ್ಲಿನ ಸರ್ಕಾರಿ ಕಲಾ ಸಂಸ್ಥೆ ತಾಸುಬಾ 1980ರ ದಶಕದಿಂದ ವಾರ್ಷಿಕ ಉತ್ಸವ ನಡೆಸಿಕೊಂಡು ಬಂದಿದೆ, ಈಚೆಗೆ ವರ್ಷಾಂತ್ಯದ ಕಡೆಗೆ. ಮಕೊಂಡೆ ಜನರ ಸಿಂದಿಂಬಾದಲ್ಲಿ ಸೊಂಟ ಒಂದು ಲೆಕ್ಕ, ಪಾದ ಇನ್ನೊಂದು ಲೆಕ್ಕ. ಗೊಗೊ ಹೆಂಗಸರು ನಗಾರಿಯನ್ನು ತೊಡೆಗಳ ನಡುವೆ ಹಿಡಿದು ಬಾರಿಸುತ್ತಲೇ ಕುಣಿಯುತ್ತಾರೆ. ವೇದಿಕೆ, ಬೆಳಕು, ಧ್ವನಿ ಬುಸಾರಾದಷ್ಟು ಓರಣ ಅಲ್ಲ. ಸಮಯಪಟ್ಟಿ ಹಿಂದೆ ಮುಂದೆ ಆಗುತ್ತೆ. ಆದರೆ ಕುಣಿತದವರ ಪಕ್ಕ ಕೂತು ಮಾತಾಡುವ ಅವಕಾಶ ಅಲ್ಲೇ ಹೆಚ್ಚು.

ಕೆಜಿಎಫ್_ಸೈರನ್, ಕೋಲಾರ

ಜಂಜಿಬಾರ್ ಚೆನ್ನ, ಒಪ್ಪಿದೆ. ಆದರೆ ನಾಲ್ಕರಲ್ಲಿ ಇಬ್ಬರು ಕುಣಿತದವರು, ಒಬ್ಬರಿಗೆ 63. ಈ ಲೆಕ್ಕಕ್ಕೆ ನನ್ನ ಓಟು ದಕ್ಷಿಣ ಆಫ್ರಿಕಾದ ಡರ್ಬನ್.

ಅಲ್ಲಿ 'ಜೊಂಬಾ!' ಅಂತ ಸಮಕಾಲೀನ ನೃತ್ಯೋತ್ಸವ, 1998ರಿಂದ, ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ್ದು. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ. ಮುಖ್ಯ ರಂಗ ಎಲಿಜಬೆತ್ ಸ್ನೆಡನ್ ಥಿಯೇಟರ್. ಇಲ್ಲಿ ಬೇಕಾದ್ದು ಪ್ರದರ್ಶನದ ಟಿಕೆಟ್ ಒಂದೇ ಅಲ್ಲ, ಹಗಲಿನ ಕಾರ್ಯಾಗಾರಗಳು. ಕಾರ್ಯಕ್ರಮ ಪಟ್ಟಿ ಬಂದ ದಿನವೇ ಮೇಲ್ ಹಾಕಿ ಹೆಸರು ಬರೆಸಿ. ಜಾಗ ಸೀಮಿತ, ಊರಿನ ನೃತ್ಯ ವಿದ್ಯಾರ್ಥಿಗಳೇ ತುಂಬಿಕೊಳ್ತಾರೆ. 'ಸಮಕಾಲೀನ' ಅನ್ನೋ ಮಾತು ಕೇಳಿ ಹೆದರಬೇಡಿ. ಜುಲು ಕುಣಿತದ ನೆಲ ಒದೆಯುವ ಹೆಜ್ಜೆ ಎಷ್ಟೋ ಪ್ರಯೋಗಗಳ ತಳದಲ್ಲಿರುತ್ತೆ, ವೀರಗಾಸೆ ಕಾಲಿಗೆ ಅದು ಕೂಡಲೇ ಗೊತ್ತಾಗುತ್ತೆ. ಆದರೆ ಬಯಲಿನ ಗದ್ದಲ, ಜಾತ್ರೆ ಬೇಕು ಅಂದರೆ ಇದು ಅಲ್ಲ. ಕತ್ತಲ ಸಭಾಂಗಣ, ಸುಮ್ಮನೆ ಕೂತು ನೋಡೋದು.

ಡರ್ಬನ್‌ನಲ್ಲಿ ಕೇಳಬೇಕಾದ್ದು ಇಸಿಕಥಮಿಯಾ. ವಾದ್ಯ ಇಲ್ಲ, ಗಂಡಸರ ಗುಂಪು ಗಾಯನ, ತುದಿಗಾಲಲ್ಲಿ ಬೆಕ್ಕಿನ ಹೆಜ್ಜೆ. ವಲಸೆ ಕೂಲಿಗಳ ಹಾಸ್ಟೆಲಿನಲ್ಲಿ ಬೆಳೆದದ್ದು, ಸ್ಪರ್ಧೆಗಳು ಶನಿವಾರ ರಾತ್ರಿ ಶುರುವಾದರೆ ಬೆಳಗಿನವರೆಗೂ ಎಳೆಯುತ್ತವೆ. ಒಬ್ಬರೇ ಹುಡುಕಿಕೊಂಡು ಹೋಗಬೇಡಿ, ಸ್ಥಳೀಯರ ಜೊತೆ, ಗಾಡಿ ಮೊದಲೇ ಗೊತ್ತು ಮಾಡಿಕೊಂಡು.

ಬರುವಾಗ ಜೊಹಾನ್ಸ್‌ಬರ್ಗ್‌ನಲ್ಲಿ ಎರಡು ದಿನ ಸಿಕ್ಕರೆ ಗೋಲ್ಡ್ ರೀಫ್ ಸಿಟಿ. ಹಳೇ ಕ್ರೌನ್ ಮೈನ್ಸ್‌ನ 14ನೇ ಶಾಫ್ಟ್ ಸುತ್ತ ಕಟ್ಟಿದ ಪಾರ್ಕು. ಅಲ್ಲಿ ಗಂಬೂಟ್ ಕುಣಿತ ತೋರಿಸ್ತಾರೆ. ಚಿನ್ನದ ಗಣಿಯ ಆಳುಗಳು ರಬ್ಬರ್ ಬೂಟು ಬಡಿದು, ತೊಡೆ ತಟ್ಟಿ ಕಟ್ಟಿದ ತಾಳ. ಪಾರ್ಕಿನದು ಪ್ರವಾಸಿಗರ ಆವೃತ್ತಿ, ಚಿಕ್ಕದು, ಹೊಳಪು ಹೆಚ್ಚು. ಆದರೂ 2001ರಲ್ಲಿ ಸೈರನ್ ನಿಂತ ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಕಂಡವರಿಗೆ ಆ ಬೂಟಿನ ಸದ್ದು ಬೇರೆಯೇ ಕೇಳಿಸುತ್ತೆ.

ವೀಸಾ ವಿಷಯ ಬಿಗಿ. ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಪತ್ರ, ಉಳಿಯುವ ಜಾಗದ ಬುಕಿಂಗ್, ಪಾಸ್‌ಪೋರ್ಟಿನಲ್ಲಿ ಎರಡು ಖಾಲಿ ಪುಟ. ಎರಡು ತಿಂಗಳು ಮುಂಚೆ ಶುರುಮಾಡಿ. ಪಕ್ಕದ ದೇಶ ಎಸ್ವಟೀನಿಯಲ್ಲಿ ಮೇ ಕೊನೆಗೆ ನಡೆಯುವ ಬುಷ್‌ಫೈರ್ ಉತ್ಸವಕ್ಕೂ ಆಸೆಪಟ್ಟರೆ ದಕ್ಷಿಣ ಆಫ್ರಿಕಾದ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಲೇಬೇಕು. ಸಿಂಗಲ್ ಎಂಟ್ರಿಯಲ್ಲಿ ಗಡಿ ದಾಟಿದರೆ ವಾಪಸ್ ಬಂದು ವಿಮಾನ ಹತ್ತೋಕೆ ದಾರಿ ಇರಲ್ಲ. ಜನ ಎಡವೋದು ಇಲ್ಲೇ.

ತಮಟೆಸದ್ದು, ಚಿಂತಾಮಣಿ

ವಾದ್ಯದ ಬಗ್ಗೆ ಮಾತ್ರ ಹೇಳ್ತೀನಿ.

ಚರ್ಮದ ತಮಟೆ ಒಯ್ಯಬೇಡಿ. ಅಳತೆ ಒಂದು ತೊಂದರೆ: ಕ್ಯಾಬಿನ್ ಚೀಲಕ್ಕೆ ಸಾಮಾನ್ಯವಾಗಿ 55, 35, 25 ಸೆಂ.ಮೀ. ಆಸುಪಾಸಿನ ಮಿತಿ, 16 ಇಂಚಿನ ತಮಟೆಯೇ 40 ಸೆಂ.ಮೀ. ದಾಟುತ್ತೆ. ಚೆಕ್-ಇನ್‌ಗೆ ಹಾಕಬೇಕು, ಅಲ್ಲಿ ಮೇಲೆ ಪೆಟ್ಟಿಗೆ ಬಿದ್ದರೆ ಚರ್ಮ ಹರಿದಂತೆ. ಎರಡನೇದು ಹವೆ. ನಮ್ಮ ಕಡೆ ಒಣ ಗಾಳಿಗೆ ಬಿಗಿದ ಚರ್ಮ ಜಂಜಿಬಾರಿನ ಕಡಲ ತೇವಕ್ಕೆ ಅರ್ಧ ಗಂಟೆಯಲ್ಲಿ ಒದ್ದೆ ಹಪ್ಪಳ ಆಗುತ್ತೆ. ಹುಲ್ಲು ಉರಿಸಿ ಕಾಯಿಸೋಕೆ ಹೋಟೆಲಿನಲ್ಲಿ, ಕೋಟೆಯಲ್ಲಿ ಯಾರೂ ಬಿಡಲ್ಲ. ತಮಟೆ ಚರ್ಮ ಬಳೆಗೆ ಅಂಟಿಸಿದ್ದು, ಹಗ್ಗ ಎಳೆದು ಬಿಗಿ ಮಾಡುವ ಉಪಾಯವೂ ಇಲ್ಲ. ಬೇಕೇ ಬೇಕು ಅಂದರೆ ಫೈಬರ್ ಮುಖದ್ದು, 12 ಇಂಚಿನದು, ನಡುವೆ ಬಟ್ಟೆ ತುಂಬಿ. ಕೋಲುಗಳು ಕ್ಯಾಬಿನ್ ಚೀಲದಲ್ಲಿ ಬೇಡ, ಸೆಕ್ಯೂರಿಟಿಯಲ್ಲಿ ಕಿತ್ತುಕೊಳ್ಳಬಹುದು.

ಪ್ರವಾಸಿ ವೀಸಾದಲ್ಲಿ ವೇದಿಕೆ ಹತ್ತಿ ಬಾರಿಸಬೇಡಿ. ಟಾಂಜಾನಿಯಾದಲ್ಲಿ ವಿದೇಶಿ ಕಲಾವಿದರಿಗೆ ಅಲ್ಲಿನ ಕಲಾ ಮಂಡಳಿ ಬಸಾಟಾದ ಪರವಾನಗಿ ಬೇಕು, ಜಂಜಿಬಾರಿಗೆ ಅದರದೇ ಬೇರೆ ಮಂಡಳಿ. ಬೀದಿಯಲ್ಲಿ ಗೆಳೆಯರ ಜೊತೆ ನಾಲ್ಕು ಪೆಟ್ಟು ಹಾಕೋದು ಬೇರೆ ಮಾತು. ತಂಡವಾಗಿ ಹೋಗುವ ಆಸೆ ಇದ್ದರೆ ದಾರಿ ಬೇರೆ: ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ಪಟ್ಟಿಗೆ ಸೇರಬೇಕು. ದಾರ್‌ನಲ್ಲಿ, ಡರ್ಬನ್‌ನಲ್ಲಿ ಅದರ ಕೇಂದ್ರಗಳಿವೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲಾದರೂ ತಮಟೆಗೆ ಆ ಪಟ್ಟಿಯ ಬಾಗಿಲು ದೊಡ್ಡದಾಗಬೇಕಿತ್ತು. ಇರಲಿ.

ಜೆಂಬೆ. ಅದು ಪಶ್ಚಿಮ ಆಫ್ರಿಕಾದ್ದು, ಮಾಲಿ, ಗಿನಿ ಕಡೆಯದು. ಜಂಜಿಬಾರಿನ ಅಂಗಡಿಯಲ್ಲಿ ಸಿಗೋದು ಅಲಂಕಾರಕ್ಕೆ ಮಾಡಿದ್ದೇ ಹೆಚ್ಚು. ಕೊಳ್ಳೋದಾದರೆ ಇಷ್ಟು ನೋಡಿ. ಒಳಗೆ ಕೈ ಹಾಕಿ ಸವರಿ: ಒಂದೇ ಮರದ ದಿಮ್ಮಿ ಕೊರೆದದ್ದೋ, ಪಟ್ಟಿ ಅಂಟಿಸಿದ್ದೋ. ಬಾಯಿಯ ಅಂಚು ನೆಲಕ್ಕೆ ಸಮ ಇದೆಯಾ, ಇಲ್ಲದಿದ್ದರೆ ಎಷ್ಟು ಬಿಗಿದರೂ ನಾದ ಒಡೆಯುತ್ತೆ. ಕೆಳಗಿಂದ ಬೆಳಕು ಹಿಡಿದು ಸಣ್ಣ ಬಿರುಕು ನೋಡಿ. ಬುರುಡೆಯಲ್ಲಿ ಹುಡಿ ಉದುರುತ್ತಿದ್ದರೆ ಹುಳ ಇದೆ, ಕೊಳ್ಳಬೇಡಿ. ಚರ್ಮ ಪೂರ್ತಿ ಒಣಗಿದ್ದು, ಕೂದಲು ಹೆರೆದದ್ದು ಇರಲಿ. ಹದ ಮಾಡದ ಕೂದಲುಳ್ಳ ಆಡಿನ ಚರ್ಮದಲ್ಲಿ ನೆರಡಿ ರೋಗದ (ಆಂಥ್ರಾಕ್ಸ್) ಬೀಜ ಉಳಿಯಬಹುದು, ಹಾಗೆ ಕಾಯಿಲೆ ಬಿದ್ದ ಉದಾಹರಣೆಗಳು ಅಮೆರಿಕದಲ್ಲಿವೆ. ಕಸ್ಟಮ್ಸ್‌ನಲ್ಲಿ ಮುಚ್ಚಿಡದೆ ಹೇಳಿ. ವಿಮಾನಕ್ಕೆ ಹಾಕುವ ಮುಂಚೆ ಅಡ್ಡ ಹೆಣಿಗೆ ನಾಲ್ಕೈದು ಗಂಟು ಸಡಿಲಿಸಿ. ಊರಿಗೆ ಬಂದ ಮೇಲೆ ಏಪ್ರಿಲ್ ಬಿಸಿಲಿಗೆ ಬಿಡಬೇಡಿ. ತೇವದ ಊರಲ್ಲಿ ಬಿಗಿದ ಚರ್ಮ ಇಲ್ಲಿ ತಾನೇ ಎಳೆದುಕೊಂಡು ಒಂದು ರಾತ್ರಿ ಫಟ್ ಅಂತ ಸೀಳುತ್ತೆ.

ಕಲ್ಪತರು_572

ತಮಟೆ ಮನೇಲೇ ಇರಲಿ ಅಂತ ತೀರ್ಮಾನ ಆಯ್ತು. ಬೆಂಗಳೂರಿನಿಂದ ಇಥಿಯೋಪಿಯಾದ ಆಡಿಸ್ ಅಬಾಬಾ ಮೇಲೆ ಹೋಗುವ ಟಿಕೆಟ್ ಅಗ್ಗಕ್ಕೆ ಕಾಣ್ತಿದೆ. ಅದಕ್ಕೂ ಹಳದಿ ಜ್ವರಕ್ಕೂ ಸಂಬಂಧ ಇದೆ ಅಂತಾರಲ್ಲ?

ಶಿರಾ_ಸೀತಾಫಲ

ಇದೆ. ಹೊರಡೋದಕ್ಕಿಂತ ವಾಪಸ್ ಬರುವಾಗಲೇ ಸಮಸ್ಯೆ.

ಹಳದಿ ಜ್ವರ ಇರುವ ದೇಶದಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಇಳಿದವರ ಹತ್ತಿರ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ಆ ಆರು ದಿನ ತುಂಬುವವರೆಗೆ ಪ್ರತ್ಯೇಕ ಇಡ್ತಾರೆ. ಕೀನ್ಯಾ, ಉಗಾಂಡಾ, ಇಥಿಯೋಪಿಯಾ, ನೈಜೀರಿಯಾ, ಸೆನೆಗಲ್, ಐವರಿ ಕೋಸ್ಟ್ ಆ ಪಟ್ಟಿಯಲ್ಲಿವೆ. ದಕ್ಷಿಣ ಆಫ್ರಿಕಾ, ಮೊರಾಕ್ಕೊ ಇಲ್ಲ. ಆಡಿಸ್ ವಿಮಾನ ನಿಲ್ದಾಣದಿಂದ ಹೊರಗೇ ಬರದೆ ಇನ್ನೊಂದು ವಿಮಾನ ಹತ್ತಿದವರಿಗೆ ವಿನಾಯಿತಿ ಉಂಟು, ಆದರೆ ಅದು ಇಲ್ಲಿನ ಆರೋಗ್ಯಾಧಿಕಾರಿ ಒಪ್ಪಿದರೆ ಮಾತ್ರ. ಟಾಂಜಾನಿಯಾದವರದು ಇನ್ನೊಂದು ನಿಯಮ: ಅಂಥ ದೇಶದ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದು ಬಂದರೆ ಕಾರ್ಡ್ ಕೇಳ್ತಾರೆ. ಅಗ್ಗದ ಟಿಕೆಟ್‌ಗಳಲ್ಲಿ ಅಡಗಿರೋದು ಇಂಥ ಉದ್ದದ ಕಾಯುವಿಕೆಯೇ. ಮಳೆಗಾಲದಲ್ಲಿ ವಿಮಾನ ತಡವಾದರೆ 10 ಗಂಟೆ 13 ಆಗೋದು ದೊಡ್ಡ ಮಾತಲ್ಲ.

ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಕ್ಕೇ ಹೋಗಬೇಕು, ನಮಗೆಲ್ಲ ಹತ್ತಿರ ಬೆಂಗಳೂರು. ಸರ್ಕಾರಿ ಶುಲ್ಕ 300 ರೂಪಾಯಿ. ಒಂದು ಸೀಸೆಯಲ್ಲಿ ಹಲವರ ಡೋಸ್ ಇರೋದರಿಂದ ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಹಾಕ್ತಾರೆ. ಮೊದಲೇ ಹೆಸರು ಬರೆಸಿ, ಅಸಲು ಪಾಸ್‌ಪೋರ್ಟ್ ಒಯ್ಯಿರಿ. ಕಾರ್ಡ್ ಊರ್ಜಿತ ಆಗೋದು ಚುಚ್ಚಿದ 10 ದಿನದ ಮೇಲೆ, ಆಮೇಲೆ ಜೀವನಪೂರ್ತಿ. ಪಾಸ್‌ಪೋರ್ಟ್ ಸಂಖ್ಯೆ, ಹೆಸರಿನ ಅಕ್ಷರ ಅಲ್ಲೇ ನಿಂತು ತಾಳೆ ನೋಡಿ. ತಂದೆ ಹೆಸರು ಹಿಂದೆ ಮುಂದೆ ಆಗಿ ಗೋಳಾಗೋದು ನಮ್ಮ ಕಡೆಯ ಹೆಸರುಗಳಿಗೇ ಜಾಸ್ತಿ.

ಮೊಟ್ಟೆ ಮುಟ್ಟದವರಿಗೆ ಒಂದು ಮಾತು: ಈ ಲಸಿಕೆ ಬೆಳೆಸೋದು ಕೋಳಿಮೊಟ್ಟೆಯ ಭ್ರೂಣದಲ್ಲಿ. ನಂಬಿಕೆಯ ಪ್ರಶ್ನೆ ಅವರವರಿಗೆ ಬಿಟ್ಟದ್ದು, ಮೊಟ್ಟೆ ಅಲರ್ಜಿ ಇದ್ದರೆ ಮಾತ್ರ ವೈದ್ಯರಿಗೆ ಹೇಳಲೇಬೇಕು. 60 ದಾಟಿದವರಿಗೆ ಮೊದಲ ಸಲ ಹಾಕುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಕಿರಿಯರಿಗಿಂತ ಹೆಚ್ಚು. ಹಾಗಾಗಿ 63ರ ಹಿರಿಯರನ್ನು ಕರೆದುಕೊಂಡು ಹೋಗೋದಾದರೆ ಕೋಲಾರದವರು ಹೇಳಿದ ಡರ್ಬನ್ನೇ ಸರಿ. ದುಬೈ ಮೇಲೆ ಹೋದರೆ ಹಳದಿ ಜ್ವರದ ದೇಶದ ನೆಲ ತಾಗೋದೇ ಇಲ್ಲ, ದುಬೈಯಿಂದ ಡರ್ಬನ್‌ಗೆ ನೇರ ವಿಮಾನ ಇದೆ. ಮಲೇರಿಯಾ ಭಯವೂ ಡರ್ಬನ್ ಊರೊಳಗೆ ಇಲ್ಲ. ಜಂಜಿಬಾರ್, ಉಗಾಂಡಾಕ್ಕಾದರೆ ಮಾತ್ರೆ ವಿಷಯ ವೈದ್ಯರ ಹತ್ತಿರ ಮಾತಾಡಿ. ಹೊರಡುವ ಮುಂಚೆ ಶುರುಮಾಡಿ ಬಂದ ಮೇಲೂ ಮುಂದುವರಿಸಬೇಕು, ಬಂದ ದಿನವೇ ನಿಲ್ಲಿಸಿದರೆ ನುಂಗಿದ್ದೆಲ್ಲ ವ್ಯರ್ಥ.

ಗಂಟಲುತಾಳ, ತಿಪಟೂರು

ಯಾರೂ ಎಸ್ಸಾವಿರಾ ಹೆಸರೇ ಎತ್ತಲಿಲ್ಲವಲ್ಲ! ಮೊರಾಕ್ಕೊದ ಕಡಲೂರು, ಜೂನ್ ಕೊನೆ, ಗ್ನಾವಾ ಉತ್ಸವ, 1998ರಿಂದ. ಹಳದಿ ಜ್ವರ ಇಲ್ಲ, ಮಲೇರಿಯಾ ಇಲ್ಲ, ಭಾರತೀಯರಿಗೆ ಇ-ವೀಸಾ ಇದೆ. ಚೌಕದ, ಕಡಲತೀರದ ದೊಡ್ಡ ವೇದಿಕೆಗಳು ಬಿಟ್ಟಿ. ಒಳಾಂಗಣದ ಚಿಕ್ಕ ಕಛೇರಿಗಳಿಗೆ ಮಾತ್ರ ಟಿಕೆಟ್, ನಿಜವಾದ ಸಂಗೀತ ಇರೋದೂ ಅಲ್ಲೇ.

ಮೂರು ತಂತಿಯ ಗೆಂಬ್ರಿ, ಕಬ್ಬಿಣದ ಕರಕೆಬ್ ತಾಳ. ಸಹಾರಾ ದಾಟಿಸಿ ಗುಲಾಮರಾಗಿ ತಂದವರ ಪೀಳಿಗೆ ಉಳಿಸಿಕೊಂಡ ಪದ್ಧತಿ, 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮೈದುಂಬಿ ಕುಣಿಯುವ ರಾತ್ರಿಯ ಆಚರಣೆಯೇ ಅದರ ಬೇರು. ಸೋಮನ ಕುಣಿತದವರಿಗೆ ವಿವರಿಸಿ ಹೇಳಬೇಕಿಲ್ಲ. ನಿಲ್ಲುವ ಜಾಗ ಮುಖ್ಯ: ವೇದಿಕೆಗೆ ತೀರ ಹತ್ತಿರ ನಿಂತರೆ ಕರಕೆಬ್‌ನ ಕಿರುಚಾಟದಲ್ಲಿ ಗೆಂಬ್ರಿಯ ತಗ್ಗಿನ ನಾದ ಮುಚ್ಚಿಹೋಗುತ್ತೆ. ಧ್ವನಿ ನಿಯಂತ್ರಣದ ಗೂಡಾರದ ಪಕ್ಕ ನಿಲ್ಲಿ. ಜೂನ್ ಅಂತ ತೆಳು ಅಂಗಿ ಹಾಕಿಕೊಂಡು ಹೋಗಬೇಡಿ, ಆ ಊರಿನ ಗಾಳಿ ರಾತ್ರಿ ನಡುಗಿಸುತ್ತೆ. ಕೋಣೆಗಳು ಮೂರು ನಾಲ್ಕು ತಿಂಗಳು ಮುಂಚೆಯೇ ತುಂಬುತ್ತವೆ. ಮರಕೇಶ್‌ನಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆ, ಅದರ ಟಿಕೆಟೂ ಮೊದಲೇ. ಅಲ್ಲಿನ ಹಣ ದಿರ್ಹಾಮ್ ಅಲ್ಲೇ ಬದಲಿಸಿ ಅಲ್ಲೇ ಮುಗಿಸಿ, ದೇಶದ ಹೊರಗೆ ಹೆಚ್ಚು ಒಯ್ಯುವ ಹಾಗಿಲ್ಲ.

ನಂದಿತಪ್ಪಲು

ಎಸ್ಸಾವಿರಾ ಒಪ್ಪಿದೆ. ಆದರೆ ಹೋಗಿ ಬರೋಕೇ ನಾಲ್ಕು ದಿನ, 12ರಲ್ಲಿ ಮಿಕ್ಕೋದು ಎಂಟು. ಸಸ್ಯಾಹಾರಕ್ಕೂ ಅಲ್ಲಿ ಸ್ವಲ್ಪ ಕಷ್ಟ, ತರಕಾರಿ ತಜೀನ್ (ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಪಲ್ಯ) ಅಂತ ಕೊಟ್ಟದ್ದರಲ್ಲಿ ಮಾಂಸದ ಸಾರು ಬೆರೆತಿರುತ್ತೆ, ಕೇಳಿಯೇ ತಿನ್ನಿ.

ಮುದ್ದೆಭಂಡಾರ, ಮಾಲೂರು

ಊಟದ ಪ್ರಶ್ನೆಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಜಂಜಿಬಾರಲ್ಲಿ ಉಗಾಲಿ, ಅಂದರೆ ಮೆಕ್ಕೆಜೋಳದ ಬಿಳಿ ಮುದ್ದೆ. ಜೊತೆಗೆ 'ಮಹರಾಗೆ ಯಾ ನಾಜಿ', ತೆಂಗಿನಹಾಲಿನ ಕಾಳು. ಚಪಾತಿ ಅಲ್ಲೂ ಚಪಾತಿಯೇ. ಕೋಟೆ ಎದುರಿನ ಫೊರೊಧಾನಿ ತೋಟದಲ್ಲಿ ಸಂಜೆ ಅಂಗಡಿ ಸಾಲು. ಉರೋಜೊ ಅನ್ನೋ ಹುಳಿ ಸಾರಿಗೆ ಬಜ್ಜಿ, ಆಲೂಗಡ್ಡೆ ಹಾಕಿ ಕೊಡ್ತಾರೆ; ಮೊಟ್ಟೆ, ಮಾಂಸದ ಕಡ್ಡಿ ಬೇಡ ಅಂತ ಬಟ್ಟಲಿಗೆ ಬಡಿಸುವ ಮುಂಚೆಯೇ ಹೇಳಬೇಕು. 'ಸಿಲಿ ನ್ಯಾಮಾ, ಸಮಾಕಿ, ಮಯಾಯಿ', ಮಾಂಸ ಮೀನು ಮೊಟ್ಟೆ ತಿನ್ನಲ್ಲ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಬರೀ ನ್ಯಾಮಾ ಬೇಡ ಅಂದರೆ ಮೀನು ಹಾಕ್ತಾರೆ, ಅವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ. ಡರ್ಬನ್‌ನಲ್ಲಿ ಚಿಂತೆ ಇಲ್ಲ, 1860ರಿಂದ ನಮ್ಮವರಿದ್ದಾರೆ. ಬ್ರೆಡ್ಡಿನ ತಿರುಳು ತೆಗೆದು ಕಾಳಿನ ಪಲ್ಯ ತುಂಬಿದ 'ಬೀನ್ಸ್ ಬನ್ನಿ' ಕೇಳಿ.

ರಾಗಿ ಮುದ್ದೆ ಬಿಟ್ಟು ಇರಲಾರದವರಿಗೆ ಉಗಾಂಡಾ ಇದೆ. ಅಲ್ಲಿ 'ಕಾಲೊ' ಅಂತ ಮಾಡೋದು ರಾಗಿಯದೇ, ಕೆಲವು ಕಡೆ ಮರಗೆಣಸಿನ ಹಿಟ್ಟು ಸೇರುತ್ತೆ. ಸ್ವಾಹಿಲಿಯಲ್ಲಿ ರಾಗಿಗೆ ವಿಂಬಿ. ಬೆಳೆಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು, ನಾವು ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಪಡೆದವರು. ಮುರಿದು ನುಂಗಬೇಡಿ, ಅಲ್ಲಿ ಅಗಿದೇ ತಿನ್ನೋದು.

ಶಿರಾ_ಸೀತಾಫಲ

ಇನ್ನೊಂದು ಬಿಟ್ಟಿದ್ದೆ. ಡಾಲರ್ ಕೊಳ್ಳುವಾಗ ನೋಟಿನ ಮೇಲಿನ ಇಸವಿ ನೋಡಿ. ಪೂರ್ವ ಆಫ್ರಿಕಾದಲ್ಲಿ 2009ಕ್ಕಿಂತ ಹಳೆಯ ನೋಟು, ಮಡಿಚಿ ಗೀರು ಬಿದ್ದದ್ದು, ಪೆನ್ನಿನ ಗುರುತು ಇರುವುದನ್ನು ಬ್ಯಾಂಕೂ ಮುಟ್ಟಲ್ಲ. ಚಿಕ್ಕ ನೋಟಿಗೆ ವಿನಿಮಯ ದರವೂ ಕಡಿಮೆ, 50 ಮತ್ತು 100ರ ನೋಟೇ ಹೆಚ್ಚು ತೆಗೆದುಕೊಳ್ಳಿ. ವಿನಿಮಯದ ಅಂಗಡಿಯವನು ಹಳೇ ಕಟ್ಟು ಕೊಟ್ಟರೆ ಕೌಂಟರ್ ಬಿಡುವ ಮುಂಚೆಯೇ ಬದಲಿಸಿಕೊಳ್ಳಿ.

ಕಲ್ಪತರು_572

ಹಿರಿಯರಿಗೆ ಡರ್ಬನ್ ಅಂತ ಹೇಳಿಯಾಯ್ತು. ಆಗಸ್ಟ್ ಕೊನೆಗೆ ಗೌರಿ-ಗಣೇಶ ಅಡ್ಡ ಬರುತ್ತಾ ಅಂತ ಪಂಚಾಂಗ ತೆಗೆದು ಕೂತಿದ್ದಾರೆ.